ಗುಲಾಬಕ್ಕನ ಚಾಪೆ

ಮೊದಲೇ ಹೇಳಿಬಿಡುತ್ತೇನೆ, ಇಂಥದ್ದನ್ನೆಲ್ಲ ನಂಬುವ ಪೈಕಿ ನಾನಲ್ಲ. ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಶುರು ಮಾಡಿದರೆ ನನಗೆ ಮೊದಲು ಬರುವುದು ನಗು, ಆಮೇಲೆ ಆಕಳಿಕೆ. ಹೇಳುವವರಿಗೆ ಬೇಜಾರಾಗಬಾರದೆಂದು ಬಾಯಿಗೆ ಸೆರಗು ಅಡ್ಡ ಹಿಡಿದು ಕೂತ ದಿನಗಳೂ ಇವೆ. ಈಗ ನಾನೇ ಹೇಳಲು ಹೊರಟಿದ್ದೇನೆ. ನಿಮಗೆ ಆಕಳಿಕೆ ಬಂದರೆ ನನ್ನ ದೂರೇನೂ ಇಲ್ಲ. ಇಂಥ ಕಥೆಗಳು ಸಾಮಾನ್ಯವಾಗಿ ಅಮಾವಾಸ್ಯೆಯ ರಾತ್ರಿ, ಕರೆಂಟು ಹೋದ ಮನೆಯಲ್ಲಿ ನಡೆಯುತ್ತವೆ. ನನ್ನದು ನಡೆದದ್ದು ಬೆಳಿಗ್ಗೆ ಒಂಬತ್ತೂವರೆಗೆ, ನಲವತ್ತು ಚಿಲ್ಲರೆ ಮಕ್ಕಳ ನಡುವೆ, ಪಕ್ಕದ ಒಲೆಯ ಮೇಲೆ ಕುಚ್ಚಲಕ್ಕಿ ಬೇಯುತ್ತಿದ್ದಾಗ.

ನಾನು ಗಂಗೊಳ್ಳಿಯವಳು. ಅಪ್ಪ ಬೋಟಿಗೆ ಹೋಗುತ್ತಿದ್ದರು, ಅಮ್ಮ ಮೀನು ಮಾರುತ್ತಿದ್ದಳು. ಅಲೆಯ ಸದ್ದು, ಎಂಜಿನ್ನಿನ ಸದ್ದು, ಗಿರಾಕಿಗಳ ಸದ್ದು ಎಲ್ಲದರ ಮೇಲೂ ಕೇಳಿಸುವಂತೆ ಮಾತಾಡಿ ಬೆಳೆದ ಮನೆ ನಮ್ಮದು. ಮಕ್ಕಳಲ್ಲಿ ಯಾರಾದರೂ ಐದು ನಿಮಿಷ ಸುಮ್ಮನೆ ಕೂತರೆ ಜ್ವರ ಬಂದಿದೆಯೇನೋ ಎಂದು ಅಮ್ಮ ಹಣೆ ಮುಟ್ಟಿ ನೋಡುತ್ತಿದ್ದಳು. ಅಂಥವಳು ಬಿ.ಎಡ್. ಮುಗಿಸಿ ಬಂದು ಸೇರಿದ್ದು ಎಲ್ಲಿಗೆ? ದಿನಾ ಬೆಳಿಗ್ಗೆ ಹದಿನೈದು ನಿಮಿಷ ಸುಮ್ಮನೆ ಕೂರುವ ಶಾಲೆಗೆ. ಒಂದು ವರ್ಷ ಇದ್ದು ನೋಡೋಣ ಎಂದುಕೊಂಡಿದ್ದೆ. ಇಪ್ಪತ್ತು ವರ್ಷ ದಾಟಿತು, ಇನ್ನೂ ಇಲ್ಲೇ ಇದ್ದೇನೆ.

ಶಾಲೆ ಇರುವುದು ಕೆರಾಡಿಯ ಕಡೆ, ಕಾಡು ಶುರುವಾಗುವ ಜಾಗದಲ್ಲಿ. ಮೊದಲು ಅದೊಂದು ಅಕ್ಕಿ ಮಿಲ್ಲು. ಮಿಲ್ಲು ನಿಂತ ಮೇಲೆ ಬ್ರಹ್ಮಾವರದ ಒಬ್ಬ ಮಾಸ್ಟ್ರು ಅದನ್ನು ತೆಗೆದುಕೊಂಡು ಏಳನೇ ಕ್ಲಾಸಿನವರೆಗೆ ಶಾಲೆ ಮಾಡಿದರು. ನಾವೆಲ್ಲ ಅವರನ್ನು ದೊಡ್ಡ ಮಾಸ್ಟ್ರು ಎನ್ನುತ್ತೇವೆ. ಅವರು ಹರೆಯದಲ್ಲಿ ಕೆಲವು ವರ್ಷ ಹೊರದೇಶದಲ್ಲಿ, ಕ್ವೇಕರರು ನಡೆಸುವ ಒಂದು ಸಣ್ಣ ಶಾಲೆಯಲ್ಲಿ ಪಾಠ ಮಾಡಿದ್ದರು. ಕ್ವೇಕರರೆಂದರೆ ಕ್ರೈಸ್ತರಲ್ಲೇ ಒಂದು ಚಿಕ್ಕ ಪಂಗಡ. ಅವರ ಪ್ರಾರ್ಥನೆಗೆ ಪಾದ್ರಿ ಬೇಡ, ಹಾಡು ಬೇಡ, ಮೇಣದ ಬತ್ತಿಯೂ ಬೇಡ. ಎಲ್ಲರೂ ಸುತ್ತ ಕೂತು ಸುಮ್ಮನಿರುತ್ತಾರೆ. ಯಾರಿಗಾದರೂ ಒಳಗಿನಿಂದ ಮಾತು ಬಂದರೆ ಎದ್ದು ನಿಂತು ಹೇಳಿ ಕೂರುತ್ತಾರೆ, ಅಷ್ಟೆ. ಮಾಸ್ಟ್ರು ಅಲ್ಲಿಂದ ಧರ್ಮ ತರಲಿಲ್ಲ, ಅವರ ಮನೆಯಲ್ಲಿ ಇವತ್ತಿಗೂ ಕುಂಭಾಶಿಯ ಗಣಪತಿಯ ಫೋಟೋವೇ ಇರುವುದು. ತಂದದ್ದು ಸುಮ್ಮನೆ ಕೂರುವುದನ್ನು ಮತ್ತು ಇನ್ನೆರಡು ಪದ್ಧತಿಗಳನ್ನು. ಊರಿನವರು ನಮ್ಮದಕ್ಕೆ ಇಟ್ಟ ಹೆಸರು 'ಸುಮ್ಗ್ ಕೂಕಂಬು ಶಾಲಿ'. ಬಸ್ಸಿನ ಕಂಡಕ್ಟರನೂ ಹಾಗೇ ಕೂಗಿ ಇಳಿಸುತ್ತಾನೆ.

ಹಿಂದೆ ಭತ್ತ ರಾಶಿ ಹಾಕುತ್ತಿದ್ದ ದೊಡ್ಡ ಕೋಣೆಯೇ ನಮ್ಮ ಮೌನದ ಕೋಣೆ. ಮಳೆಗಾಲದಲ್ಲಿ ಗೋಡೆ ತೇವವಾದರೆ ಈಗಲೂ ಉಮಿಯ ವಾಸನೆ ಬರುತ್ತದೆ. ಮಕ್ಕಳು, ಟೀಚರುಗಳು, ಅಡುಗೆಯವರು, ಎಲ್ಲರೂ ವೃತ್ತವಾಗಿ ಚಾಪೆ ಹಾಸಿ ಕೂರಬೇಕು. ಅವತ್ತು ಯಾರಾದರೂ ಬಾರದಿದ್ದರೆ ಅವರ ಚಾಪೆಯನ್ನೂ ಅವರ ಜಾಗದಲ್ಲಿ ಹಾಸಿಡಬೇಕು. ಇದು ಮಾಸ್ಟ್ರ ಮೊದಲ ಪದ್ಧತಿ. ಮೌನ ಮುಗಿಯುವುದಕ್ಕೆ ಗಂಟೆಯಿಲ್ಲ. ಅಲ್ಲಿರುವವರಲ್ಲಿ ಹಿರಿಯರು ಪಕ್ಕದವರಿಗೆ ಕೈ ಕೊಡುತ್ತಾರೆ, ಅವರು ಅವರ ಪಕ್ಕದವರಿಗೆ. ಹಾಗೆ ಕೈಕುಲುಕು ಸುತ್ತು ಬಂದರೆ ಮುಗಿಯಿತು. ನಮ್ಮಲ್ಲಿ ಹಿರಿಯರೆಂದರೆ ದೊಡ್ಡ ಮಾಸ್ಟ್ರಲ್ಲ, ಅವರಿಗಿಂತ ಎರಡು ವರ್ಷ ದೊಡ್ಡವರಾದ ಗುಲಾಬಕ್ಕ.

ಗುಲಾಬಕ್ಕ ನಮ್ಮ ಅಡುಗೆಯವರು. ಶಾಲೆ ಶುರುವಾದ ದಿನದಿಂದ ಮಧ್ಯಾಹ್ನದ ಊಟ ಅವರದ್ದೇ. ಮಕ್ಕಳೆದುರಿಗೆ ನನ್ನನ್ನು 'ಟೀಚ್ರೇ' ಎಂದು ಬಹುವಚನದಲ್ಲಿ ಕರೆಯುತ್ತಿದ್ದರು, ಅಡುಗೆಮನೆಯ ಹೊಸ್ತಿಲು ದಾಟಿದೆನೋ 'ಹೆಣೆ', ಅಂದರೆ ಬರೀ ಹುಡುಗಿ, ಆಗಿಬಿಡುತ್ತಿದ್ದೆ. ಜೂನ್‌ನಲ್ಲಿ ಒದ್ದೆ ಕೊಡೆಗಳನ್ನು ಒಲೆಯ ಹತ್ತಿರ ಸಾಲಾಗಿ ಇಟ್ಟು ಒಣಗಿಸಿಕೊಡುವವರು ಅವರು. ಜುಲೈಯಲ್ಲಿ ಹಲಸಿನ ಬೀಜ ಸುಟ್ಟು ಮಕ್ಕಳ ಕಿಸೆಗೆ ತುಂಬುವವರು, ಕೆಸುವಿನೆಲೆ ಚಿಗುರಿದ ವಾರ ಇಡೀ ಶಾಲೆಗೆ ಪತ್ರೊಡೆ ಮಾಡುವವರು, ಬೇಸಿಗೆಯಲ್ಲಿ ಗೇರುಹಣ್ಣು ತಿಂದು ಅಂಗಿಗೆ ಕಲೆ ಮಾಡಿಕೊಂಡವರಿಗೆ ಬೈಯುವವರು, ಎಲ್ಲ ಅವರೇ. ನಮ್ಮ ಶಾಲೆಯಲ್ಲಿ ಯಾವ ತಿಂಗಳು ನಡೆಯುತ್ತಿದೆ ಎಂದು ತಿಳಿಯಲು ಕ್ಯಾಲೆಂಡರ್ ನೋಡಬೇಕಾಗಿರಲಿಲ್ಲ, ಅಡುಗೆಮನೆಗೆ ಇಣುಕಿದರೆ ಸಾಕಿತ್ತು.

ಮೌನದಲ್ಲಿ ಅವರ ಚಾಪೆ ನನ್ನ ಚಾಪೆಯ ಎಡಕ್ಕೆ. ನನಗೋ ಕೂತಲ್ಲೇ ಮೈ ತುರಿಸುವುದು, ಅರ್ಧ ಕಣ್ಣು ತೆರೆದು ವಾಚು ನೋಡುವುದು. ಎರಡು ನಿಮಿಷಕ್ಕೊಮ್ಮೆ ನೋಡುತ್ತಿದ್ದೆ. ಗುಲಾಬಕ್ಕನಿಗೆ ಅದು ಗೊತ್ತಾಗಿ ಒಂದು ಆಟ ಮಾಡಿಕೊಂಡಿದ್ದರು. ಮೌನ ಶುರುವಾಗುವ ಮೊದಲು ನನ್ನ ಎಡಗೈ ಎಳೆದುಕೊಂಡು, ಹೆಬ್ಬೆಟ್ಟಿನಿಂದ ವಾಚಿನ ಮುಖವನ್ನು ಮಣಿಕಟ್ಟಿನ ಒಳಮಗ್ಗುಲಿಗೆ ತಿರುಗಿಸಿಬಿಡುತ್ತಿದ್ದರು.

"ಅದ್ಕೂ ಒಂಚೂರ್ ರೆಸ್ಟ್ ಕೊಡ್, ಹೆಣೆ," ಎಂದು ಪಿಸುಗುಟ್ಟುತ್ತಿದ್ದರು.

ಅಷ್ಟೆಲ್ಲ ಮಾಡಿದರೂ ನನಗೆ ಆ ಹದಿನೈದು ನಿಮಿಷದಲ್ಲಿ ಏನೂ ಸಿಗಲಿಲ್ಲ. ಎಷ್ಟೋ ವರ್ಷ ಅಲ್ಲಿ ಕೂತು ನಾನು ಮಾಡಿದ್ದು ಸಂಜೆಯ ಬಸ್ಸಿನ ಲೆಕ್ಕ, ಮೀನಿನ ಯೋಚನೆ. ಒಂದು ದಿನವೂ ಎದ್ದು ನಿಂತು ಮಾತಾಡಿರಲಿಲ್ಲ. ಮಾತಿನ ಮಲ್ಲಿಗೆ ಮೌನದಲ್ಲಿ ಹೇಳಲು ಏನೂ ಇಲ್ಲವೇ ಎಂದು ಮಾಸ್ಟ್ರು ಆಗಾಗ ಕಾಲೆಳೆಯುತ್ತಿದ್ದರು.

ಇನ್ನು ಎರಡನೇ ಪದ್ಧತಿ. ಶುಕ್ರವಾರ ಮಧ್ಯಾಹ್ನ ಎಲ್ಲರ ಸಭೆ. ಶಾಲೆಯ ಸಣ್ಣದು ದೊಡ್ಡದು ಎಲ್ಲ ಅಲ್ಲೇ ತೀರ್ಮಾನ. ಕೈ ಎತ್ತಿಸಿ ಎಣಿಸುವ ಕ್ರಮ ಇಲ್ಲ. ಒಬ್ಬರ ಮನಸ್ಸು ಒಪ್ಪದಿದ್ದರೂ ಆ ವಿಷಯ ಮುಂದಿನ ವಾರಕ್ಕೆ, ಅವರಿಗೆ ಕಾರಣ ಹೇಳಲು ಬಾರದಿದ್ದರೂ ಸರಿ. ನಗಬೇಡಿ, ನಮ್ಮ ಶಾಲೆಯ ಬಾಗಿಲಿಗೆ ಯಾವ ಬಣ್ಣ ಎಂದು ತೀರ್ಮಾನವಾಗಲು ಒಂದೂವರೆ ವರ್ಷ ಹಿಡಿಯಿತು. ಎರಡನೇ ಕ್ಲಾಸಿನ ಒಬ್ಬಳು ಹಸಿರಿಗೆ ಒಪ್ಪಲಿಲ್ಲ. ಅವಳು ನಾಲ್ಕಕ್ಕೆ ಹತ್ತುವವರೆಗೆ ನಾವು ಬಣ್ಣವಿಲ್ಲದ ಬಾಗಿಲನ್ನೇ ತೆರೆದು ಮುಚ್ಚುತ್ತಿದ್ದೆವು. ನನ್ನಂಥ ಅವಸರದವಳಿಗೆ ಇದು ಎಂಥ ಶಿಕ್ಷೆ ಎಂದು ನೀವೇ ಯೋಚಿಸಿ.

ಈಗ ಆ ವರ್ಷದ ನಾಟಿಗೆ ಬರುತ್ತೇನೆ.

ಶಾಲೆಯ ಹತ್ತಿರ ಹರಿಯುವ ತೋಡಿನಾಚೆ ಶೀನಣ್ಣ ಎಂಬವರ ಗದ್ದೆ. ಅದರಲ್ಲಿ ಒಂದು ತುಂಡನ್ನು ಅವರು ಪ್ರತಿ ವರ್ಷ ನಮ್ಮ ಆರು ಮತ್ತು ಏಳನೇ ಕ್ಲಾಸಿನ ಮಕ್ಕಳಿಗೆ ಬಿಟ್ಟುಕೊಡುತ್ತಾರೆ. ಮಳೆಗಾಲದಲ್ಲಿ ಮಕ್ಕಳು ನಾಟಿ ಮಾಡುತ್ತಾರೆ, ಆಮೇಲೆ ಕಳೆ ತೆಗೆಯುತ್ತಾರೆ, ಕೊಯ್ಯುತ್ತಾರೆ. ಆ ಅಕ್ಕಿಯಿಂದ ಶಾಲೆಯಲ್ಲಿ ಹೊಸ್ತಿನ, ಅಂದರೆ ಹೊಸ ಬೆಳೆಯ, ಊಟ. ಹೊಸ ಅಕ್ಕಿಯ ಪಾಯಸಕ್ಕೆ ಗುಲಾಬಕ್ಕ ಕಾಯಿಹಾಲು ಹಿಂಡಲು ಕೂತರೆ ಏಳನೆಯವರು ಸುತ್ತ ನಿಂತು ನೋಡುತ್ತಿದ್ದರು, ಏಕೆಂದರೆ ಅವರಿಗೆ ಅದು ಶಾಲೆಯ ಕೊನೆಯ ಹೊಸ್ತು. ಹಿಂದಿನ ವರ್ಷ ಮಳೆ ಹೆಚ್ಚಾಗಿ ಮಕ್ಕಳ ನಾಟಿ ನಡೆದಿರಲಿಲ್ಲ. ಹಾಗಾಗಿ ನಾನು ಹೇಳುತ್ತಿರುವ ವರ್ಷದ ಏಳನೆಯವರಿಗೆ ಅದೇ ಮೊದಲು, ಅದೇ ಕೊನೆ. ಅವರಲ್ಲಿ ಶ್ರಾವ್ಯ ಎಂಬ ಹುಡುಗಿ ಜೂನ್‌ನಿಂದಲೇ ದಿನ ಎಣಿಸುತ್ತಿದ್ದಳು. ನಾನೂ ಎಣಿಸುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಕೆಸರಿಗೆ ಇಳಿದ ಮಕ್ಕಳನ್ನು ನೋಡುವುದೆಂದರೆ ನನಗೆ ಅಷ್ಟು ಇಷ್ಟ.

ಗದ್ದೆಗೆ ಹೋಗಲು ತೋಡು ದಾಟಬೇಕು. ದಾಟಲು ಇದ್ದದ್ದು ಒಂದು ಕಾಲುಸಂಕ, ಎರಡು ಮರದ ದಿಮ್ಮಿ ಜೋಡಿಸಿ, ಹಿಡಿದುಕೊಳ್ಳಲು ಬಿದಿರು ಕಟ್ಟಿದ್ದು. ಗುಲಾಬಕ್ಕನ ಮನೆಯೂ ಆಚೆ ದಡದಲ್ಲೇ, ದಿನಾ ಎರಡು ಸಲ ಅವರು ಅದರ ಮೇಲೇ ಓಡಾಡುತ್ತಿದ್ದವರು. ಶುಕ್ರವಾರದ ಸಭೆಯಲ್ಲಿ ನಾನು ಮಂಗಳವಾರ ನಾಟಿಗೆ ಹೋಗುವ ವಿಷಯ ಇಟ್ಟೆ. ಶೀನಣ್ಣ ಸೋಮವಾರ ಅಗೆ, ಅಂದರೆ ಭತ್ತದ ಸಸಿ, ಕಿತ್ತಿಡುತ್ತೇನೆ ಎಂದಿದ್ದರು. ಎಲ್ಲರೂ ತಲೆಯಾಡಿಸಿದರು. ಗುಲಾಬಕ್ಕ ಮಾತ್ರ ಆಡಿಸಲಿಲ್ಲ.

"ಎರ್ಡ್ ದಿನ್ದಿಂದ ಸಂಕದ್ ಸದ್ದ್ ಬೇರೆ ಇತ್ತ್," ಎಂದರು. "ಕಾಲಿಟ್ರೆ ಗೊತ್ತಾತ್ತ್. ನನ್ ಮನ್ಸ್ ಒಪ್ಪುದಿಲ್ಲೆ."

ಪದ್ಧತಿಯ ಪ್ರಕಾರ ವಿಷಯ ಅಲ್ಲಿಗೇ ನಿಲ್ಲಬೇಕಿತ್ತು. ಆದರೆ ನಾಟಿಗೆ ಬಂದ ಅಗೆ ಮುಂದಿನ ವಾರದವರೆಗೆ ಕಾಯುವುದಿಲ್ಲ. ಶ್ರಾವ್ಯಳ ಮುಖ ಬಾಡಿತು. ಮಾಸ್ಟ್ರು ಅರ್ಧ ಗಂಟೆ ಬಿಟ್ಟು ಮತ್ತೆ ಕೂರೋಣ ಎಂದರು. ಆ ಅರ್ಧ ಗಂಟೆಯಲ್ಲಿ ನಾನು ಸಂಕದ ಹತ್ತಿರ ಓಡಿಹೋಗಿ, ನಟ್ಟನಡುವೆ ನಿಂತು, ಮೂರು ಸಲ ಕುಣಿದು ನೋಡಿ ಬಂದೆ. ಅದು ಕಮಕ್ ಕಿಮಕ್ ಅನ್ನಲಿಲ್ಲ. ಸೀದಾ ಅಡುಗೆಮನೆಗೆ ಹೋಗಿ, ಪಾತ್ರೆ ತೊಳೆಯುತ್ತಿದ್ದ ಗುಲಾಬಕ್ಕನ ಬೆನ್ನು ಹತ್ತಿದೆ. ನಾನು ಮಾತಿಗೆ ನಿಂತರೆ ಗಂಗೊಳ್ಳಿಯ ದಲ್ಲಾಳಿಗಳೇ ಸೋಲುತ್ತಾರೆ, ಪಾಪ ಅವರೆಷ್ಟರವರು. ಸದ್ದು ಕೇಳಿ ಸಂಕ ಅಳೆಯುವುದುಂಟೇ ಅಂದೆ, ಮಕ್ಕಳು ಅಳುತ್ತಾರೆ ಅಂದೆ, ನಿಮಗೆ ವಯಸ್ಸಾಯಿತು ಅಂತ ಕೂಡ ಅಂದೆ.

ಕೊನೆಗೆ ಅವರು ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಆಯ್ತ್ ಮರಾಯ್ತಿ, ನಾ ಅಡ್ಡ ಬಪ್ಪುದಿಲ್ಲೆ. ಆದ್ರೆ ಗುಲಾಬಿ ಮನ್ಸ್ ಒಪ್ತ್ ಅಂದೇಳಿ ಮಾತ್ರ ನೀ ಹೇಳುಕಾಗ."

ಹಾಗೆ ಹೇಳಬಾರದು ಎಂದೇ ಅವರು ಹೇಳಿದ್ದು. ನಾನು ಸಭೆಗೆ ಹೋದೆ. ಗುಲಾಬಕ್ಕ ಪಾತ್ರೆಯ ಕೆಲಸ ಮುಗಿಯದೆ ಒಳಗೇ ಉಳಿದಿದ್ದರು. ಮಾಸ್ಟ್ರು ಕೇಳಿದಾಗ ನಾನು ಎಲ್ಲರೆದುರು, ಆ ಮಕ್ಕಳೆದುರು, "ಗುಲಾಬಕ್ಕನ ಮನಸ್ಸು ಒಪ್ಪಿದೆ" ಎಂದೆ. ಏಳು ವರ್ಷದ ಮಗುವಿನ ಬಣ್ಣದ ಮಾತಿಗೆ ಒಂದೂವರೆ ವರ್ಷ ಕಾದ ಶಾಲೆಯದು. ಮಕ್ಕಳು ಚಪ್ಪಾಳೆ ತಟ್ಟಿದರು.

ಮಂಗಳವಾರ ಬೆಳಿಗ್ಗೆ ಶಾಲೆಯ ಹತ್ತಿರ ಸಣ್ಣಗೆ ಸೋನೆ, ಅಷ್ಟೆ. ಘಟ್ಟದ ಮೇಲೆ ರಾತ್ರಿಯಿಡೀ ಸುರಿದದ್ದು ನಮಗೆ ಗೊತ್ತಿರಲಿಲ್ಲ. ಎಂಟೂವರೆಗೆ ಗುಲಾಬಕ್ಕನ ಸೊಸೆಯ ಫೋನು ಬಂತು, ಅತ್ತೆಗೆ ನಿನ್ನೆ ಸಂಜೆಯಿಂದ ಸುಡು ಜ್ವರ, ಏಳುವ ಹಾಗಿಲ್ಲ, ಇವತ್ತು ಬರುವುದಿಲ್ಲ ಎಂದು. ಅಕ್ಕಿ ತೊಳೆದು ಒಲೆಗೆ ನಾವು ಟೀಚರುಗಳೇ ಇಟ್ಟೆವು. ದೊಡ್ಡ ಮಾಸ್ಟ್ರು ಕಣ್ಣಿನ ಆಪರೇಷನ್ನಿಗೆ ಬ್ರಹ್ಮಾವರಕ್ಕೆ ಹೋಗಿದ್ದರು. ಉಳಿದ ಟೀಚರುಗಳೆಲ್ಲ ನನಗಿಂತ ಚಿಕ್ಕವರು. ಅಲ್ಲಿಗೆ ಅವತ್ತು ಕೈ ಕೊಡಬೇಕಾದವಳು ನಾನೇ. ಒಳಗೊಳಗೇ ಖುಷಿಯಾಯಿತು, ಹದಿನೈದನ್ನು ಹತ್ತು ಮಾಡಿ ಹೊರಟುಬಿಡಬಹುದು ಎಂದು. ನಾಟಿಗೆ ಹೊರಟ ಹನ್ನೊಂದು ಮಕ್ಕಳು ಮಳೆಗೆ ಹೊದೆಯುವ ಪ್ಲಾಸ್ಟಿಕ್ ಕೊಪ್ಪೆಗಳನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡೇ ಮೌನಕ್ಕೆ ಕೂತರು. ನನ್ನ ಎಡಕ್ಕೆ ಗುಲಾಬಕ್ಕನ ಚಾಪೆಯನ್ನು ನಾನೇ ಹಾಸಿದೆ. ಬಲಕ್ಕೆ ಶ್ರಾವ್ಯ.

ಕಣ್ಣು ಮುಚ್ಚಿದೆ. ಹತ್ತು ನಿಮಿಷವಾಗಿರಬಹುದು ಅನ್ನಿಸಿತು. ಶ್ರಾವ್ಯಳಿಗೆ ಕೈ ಕೊಡೋಣ ಎಂದು ಬಲಗೈ ಎತ್ತಬೇಕು, ಅಷ್ಟರಲ್ಲಿ ನನ್ನ ಎಡಗೈಯನ್ನು ಯಾರೋ ಹಿಡಿದರು.

ಹೆದರಿಕೆಯಾಗಲಿಲ್ಲ. ಇದನ್ನು ನೀವು ನಂಬಬೇಕು, ಒಂದು ಚೂರೂ ಆಗಲಿಲ್ಲ. ಏಕೆಂದರೆ ಆ ಕೈ ನನಗೆ ಗೊತ್ತಿದ್ದ ಕೈ. ವರ್ಷಗಟ್ಟಲೆ ಕಾಯಿ ತುರಿದು ಹೆಬ್ಬೆಟ್ಟಿನ ಬುಡದಲ್ಲಿ ಜಡ್ಡುಗಟ್ಟಿದ್ದು, ತೋರುಬೆರಳಿನ ಮೇಲೆ ಹಳೆಯ ಕತ್ತಿಗಾಯದ ಗೆರೆ. ದಿನಾ ನನ್ನ ವಾಚು ತಿರುಗಿಸುವ ಕೈ. ಅವತ್ತು ಅದು ಸುಡುತ್ತಿತ್ತು. ನನಗೆ ಬಂದ ಮೊದಲ ಯೋಚನೆ, ಅಯ್ಯೋ ಈ ಮುದುಕಿ ಜ್ವರದಲ್ಲೂ ಎದ್ದು ಬಂದುಬಿಟ್ಟಿದೆಯಲ್ಲ ಅಂತ. ಮೌನಕ್ಕೆ ತಡವಾಗಿ ಬಂದವರನ್ನು ಕಣ್ಣು ಬಿಟ್ಟು ನೋಡುವುದು ನಮ್ಮಲ್ಲಿ ಮರ್ಯಾದೆಯಲ್ಲ, ಹಾಗಾಗಿ ನೋಡಲಿಲ್ಲ. ಬಲಗೈ ಇಳಿಸಿದೆ. ಅವರಿರುವಾಗ ಮೌನ ಮುಗಿಸುವ ಹಕ್ಕು ನನ್ನದಲ್ಲವಲ್ಲ.

ಅವರು ಮುಗಿಸುತ್ತಾರೆಂದು ಕಾದೆ. ಮುಗಿಸಲಿಲ್ಲ. ಕೈಯನ್ನೂ ಬಿಡಲಿಲ್ಲ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ, ವಾಚು ನೋಡಬೇಕೆಂದು ಆ ದಿನ ನನಗೆ ಅನ್ನಿಸಲೇ ಇಲ್ಲ. ಮೊದಲು ಹೊರಗಿನ ಸದ್ದೆಲ್ಲ ಕೇಳುತ್ತಿತ್ತು, ಅನ್ನ ಕುದಿಯುವುದು, ಹಂಚಿನಿಂದ ನೀರು ತೊಟ್ಟಿಕ್ಕುವುದು. ಆಮೇಲೆ ಅವೂ ಇಲ್ಲ. ಉಳಿದದ್ದು ಆ ಬಿಸಿ ಕೈ ಮತ್ತು ನಾನು ಹೇಳಿದ ಸುಳ್ಳು. ಶುಕ್ರವಾರದಿಂದ ಮೂಲೆಗೆ ತಳ್ಳಿಟ್ಟಿದ್ದ ಆ ಮಾತು ಎದುರಿಗೆ ಬಂದು ಕೂತಿತು. ಎಷ್ಟು ನಾಚಿಕೆಯಾಯಿತೆಂದರೆ, ಮುಚ್ಚಿದ ಕಣ್ಣಿನಿಂದಲೇ ನೀರು ಇಳಿಯಿತು. ಇಷ್ಟು ವರ್ಷ ಅಲ್ಲಿ ಕೂತದ್ದರಲ್ಲಿ ಅವತ್ತು ಮೊದಲ ಸಲ ನನಗೆ ಹೇಳಲು ಏನೋ ಇತ್ತು.

ಎದ್ದೆ. ಏಳುವಾಗ ಆ ಕೈ ತಾನಾಗಿ ಸಡಿಲವಾಯಿತು.

"ಶುಕ್ರವಾರ ನಾನು ಸುಳ್ಳು ಹೇಳಿದೆ," ಎಂದೆ. "ಗುಲಾಬಕ್ಕನ ಮನಸ್ಸು ಒಪ್ಪಿರಲಿಲ್ಲ. ಒಪ್ಪಿದೆ ಅಂತ ಹೇಳಬೇಡ ಎಂದೂ ಹೇಳಿದ್ದರು. ನಾನು ಹೇಳಿದೆ."

ಕಣ್ಣು ಬಿಟ್ಟೆ. ನಲವತ್ತು ಮಕ್ಕಳು ನನ್ನನ್ನೇ ನೋಡುತ್ತಿದ್ದರು. ನನ್ನ ಎಡಕ್ಕಿದ್ದ ಚಾಪೆಯ ಮೇಲೆ ಯಾರೂ ಇರಲಿಲ್ಲ.

ಅಡುಗೆಮನೆಗೆ ಹೋಗಿರಬೇಕು, ಅನ್ನ ತಳ ಹಿಡಿಯುತ್ತದೆಂದು ಎದ್ದುಹೋಗಿರಬೇಕು ಎಂದುಕೊಂಡೆ. ಕೂತು ಶ್ರಾವ್ಯಳಿಗೆ ಕೈ ಕೊಟ್ಟೆ. ಅವಳು ಕೈ ಕೊಟ್ಟಳು, ಆದರೆ ನನ್ನ ಮುಖ ನೋಡಲಿಲ್ಲ. ಕೈಕುಲುಕು ಸುತ್ತು ಮುಗಿದ ಮೇಲೆ ನಾನು ಏನೂ ಹೇಳಬೇಕಾಗಿರಲಿಲ್ಲ, ಪದ್ಧತಿ ಮಕ್ಕಳಿಗೂ ಗೊತ್ತಿತ್ತು. ಒಬ್ಬರ ಮನಸ್ಸು ಒಪ್ಪಿಲ್ಲವೆಂದರೆ ಹೋಗುವ ಹಾಗಿಲ್ಲ. ಶ್ರಾವ್ಯ ಕೊಪ್ಪೆಯನ್ನು ನೆಲಕ್ಕೆ ಒಗೆದು ಜಗಲಿಯ ಮೂಲೆಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ನಾನು ಸಮಾಧಾನ ಮಾಡಲು ಹೋದರೆ ಭುಜ ಕೊಡವಿದಳು. ಅವಳಿಗೆ ಹಾಗೆ ಮಾಡುವ ಎಲ್ಲ ಹಕ್ಕೂ ಇತ್ತು.

ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಅನ್ನ ಮುದ್ದೆಯಾಗಿತ್ತು. ಸುಮಾ ಎಂಬ ಚಿಕ್ಕ ಟೀಚರು ಓಡಿಬಂದು ಒಲೆಯ ಬೆಂಕಿ ಹಿಂದಕ್ಕೆಳೆದಳು. ಒಂದನೇ ಕ್ಲಾಸಿನವರ ಮೇಲೆ ಕಣ್ಣಿಡಬೇಕಾದ್ದರಿಂದ ಅವಳು ಮೌನದಲ್ಲಿ ಕಣ್ಣು ಮುಚ್ಚುವುದೇ ಇಲ್ಲ, ಕೂರುವುದೂ ನನ್ನ ನೇರ ಎದುರಿಗೆ. ಗುಲಾಬಕ್ಕ ಎಲ್ಲಿ ಎಂದು ಕೇಳಿದೆ.

"ಅವ್ರ್ ಬರ್ಲೇ ಇಲ್ಯಲೇ ಟೀಚ್ರೇ," ಎಂದಳು. "ನೀವು ಆ ಚಾಪಿ ಮೇಲೆ ಕೈ ಇಟ್ಕಂಡ್ ಕೂತಿದ್ರಿ, ಎಂತೋ ಹಿಡ್ಕಂಡಂಗೆ. ಇವತ್ ಮೌನ ಮುಕ್ಕಾಲ್ ಗಂಟೆ ಆಯ್ತ್, ಗೊತ್ತಿತ್ತಾ? ನಾ ಗೋಡಿ ಗಡಿಯಾರ ಕಾಂತಾ ಇದ್ದೆ. ಒಂದನೇ ಕ್ಲಾಸಿನ ಮಕ್ಳೂ ಅಲ್ಲಾಡ್ಲಿಲ್ಲ."

 ಅಷ್ಟರಲ್ಲೇ ಶೀನಣ್ಣನ ಫೋನು ಬಂತು. ಅವರ ಧ್ವನಿ ಅವರದ್ದೇ ಎಂದು ಗೊತ್ತಾಗಲಿಲ್ಲ.

"ಟೀಚ್ರೇ, ಮಕ್ಳ್ ಎಲ್ಲಿದ್ರ್? ಹೊರ್ಟ್ರ್ಯಾ ನೀವು?"

ಹೊರಟಿಲ್ಲ, ಎಲ್ಲರೂ ಶಾಲೆಯಲ್ಲೇ ಇದ್ದಾರೆ ಎಂದೆ.  ಆಮೇಲೆ ಹೇಳಿದರು. ಅವರು ಅಗೆಯ ಕಟ್ಟುಗಳನ್ನಿಟ್ಟುಕೊಂಡು ಆಚೆ ದಡದಲ್ಲಿ ನಮ್ಮನ್ನು ಕಾಯುತ್ತಿದ್ದರಂತೆ. ತೋಡಿನ ನೀರು ನೋಡನೋಡುತ್ತಿದ್ದಂತೆ ಕೆಂಪಾಗಿ ಏರಿತಂತೆ. ಮೇಲಿನಿಂದ ಬುಡಸಮೇತ ಒಂದು ಮರ ತೇಲಿಬಂದು ಸಂಕಕ್ಕೆ ಬಡಿದು, ಎರಡೂ ದಿಮ್ಮಿ, ಬಿದಿರು ಎಲ್ಲ ಒಟ್ಟಿಗೆ ಹೋಯಿತಂತೆ. ಯಾವಾಗ ಎಂದು ಕೇಳಿದೆ. ಈಗಷ್ಟೆ, ಹತ್ತು ನಿಮಿಷ ಆಗಿರಬಹುದು ಎಂದರು. ಶಾಲೆಯಿಂದ ಸಂಕಕ್ಕೆ ಮಕ್ಕಳ ನಡಿಗೆಯಲ್ಲಿ ಇಪ್ಪತ್ತು ನಿಮಿಷ. ನಾನು ಅಂದುಕೊಂಡ ಹಾಗೆ ಬೇಗ ಕೈ ಕೊಟ್ಟು ಹೊರಟಿದ್ದರೆ ಎಂಬ ಲೆಕ್ಕ ನಾನು ಎಷ್ಟು ಸಲ ಮಾಡಿದ್ದೇನೆಂದು ಕೇಳಬೇಡಿ. ಒಬ್ಬರ ಹಿಂದೆ ಒಬ್ಬರು, ಸಾಲಾಗಿ, ನಾನೇ ಮುಂದೆ. 

ಫೋನಿಟ್ಟು ಹೊರಗೆ ಬಂದೆ. ಶ್ರಾವ್ಯ ಇನ್ನೂ ಮೂಲೆಯಲ್ಲೇ ಮುಖ ಊದಿಸಿಕೊಂಡು ಕೂತಿದ್ದಳು. ನನಗೆ ತಡೆಯಲಾಗಲಿಲ್ಲ, ಹೋಗಿ ತಬ್ಬಿಕೊಂಡೆ. ಅವಳು ಬಿಡಿಸಿಕೊಳ್ಳಲು ನೋಡಿದಳು, ನಾನು ಬಿಡಲಿಲ್ಲ.

ಸಂಜೆ ಒಂದು ರಿಕ್ಷಾ ಮಾಡಿಕೊಂಡು ಡಾಂಬರು ರಸ್ತೆಯಲ್ಲಿ ಸುತ್ತುಬಳಸಿ ಗುಲಾಬಕ್ಕನ ಮನೆಗೆ ಹೋದೆ. ಅವರು ಕಂಬಳಿ ಹೊದ್ದು ಗೋಡೆಗೆ ಒರಗಿ ಕೂತು ಗಂಜಿ ಕುಡಿಯುತ್ತಿದ್ದರು, ಜ್ವರ ಇಳಿದಿತ್ತು. ಅತ್ತೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹಾಸಿಗೆ ಬಿಟ್ಟು ಎದ್ದಿಲ್ಲವೆಂದು ಸೊಸೆ ಹೇಳಿದಳು. ಸಂಕದ ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು.

"ಮಕ್ಳ್ ಸಮಾ ಇದ್ರಾ?" ಅದೊಂದೇ ಅವರು ಕೇಳಿದ್ದು.

ನಾನು ಹತ್ತಿರ ಕೂತು ಎಲ್ಲ ಹೇಳಿದೆ. ಸುಳ್ಳು ಹೇಳಿದ್ದು, ಎದ್ದು ಒಪ್ಪಿಕೊಂಡದ್ದು, ಎಲ್ಲ. ಕೈಯ ವಿಷಯವನ್ನು ಕೊನೆಗೆ ಹೇಳಿದೆ, ಅದೂ ತಡವರಿಸುತ್ತ. ಅವರು ಗಂಜಿಯ ಬಟ್ಟಲು ಕೆಳಗಿಟ್ಟರು.

"ನೀ ಸುಳ್ಳ್ ಹೇಳಿದ್ ನಂಗ್ ಅವತ್ತೇ ಗೊತ್ತಾಯ್ತ್. ಆ ಶ್ರಾವ್ಯ ಓಡ್ಕಂಡ್ ಬಂದ್, ನಿಮ್ ಮನ್ಸ್ ಒಪ್ತಂಬ್ರಲೆ ಅಂದ್ಳ್. ಅದ್ರ್ ಖುಷಿ ಕಂಡ್ ನಾನೂ ಸುಮ್ಗಾದೆ. ಸುಮ್ಗ್ ಕೂಕಂಬುದ್ ಬೇರೆ, ಸುಮ್ಗಾಪುದ್ ಬೇರೆ. ನಂದೂ ತಪ್ಪೇ, ಹೆಣೆ."

ಕೈಯ ವಿಷಯ ಏನು ಎಂದು ಮತ್ತೆ ಕೇಳಿದೆ. ಅವರಿಗೆ ಏನೂ ಗೊತ್ತಿಲ್ಲವಂತೆ. ಜ್ವರದಲ್ಲಿ ನಿದ್ದೆ, ಕನಸೂ ಬಿದ್ದಿಲ್ಲ. ನಾನು ಪೆಚ್ಚಾಗಿ ಕೂತದ್ದನ್ನು ನೋಡಿ ನಕ್ಕು, ಅಭ್ಯಾಸಬಲದಿಂದ ನನ್ನ ಎಡಗೈ ಎಳೆದುಕೊಂಡರು. ಹೆಬ್ಬೆಟ್ಟು ವಾಚಿನ ಮೇಲೆ ಹೋಗಿ ಅಲ್ಲೇ ನಿಂತಿತು.

"ಇವತ್ ನೀನೇ ತಿರ್ಗ್ಸ್ಕಂಡ್ಯಾ?" ಎಂದರು.

ನೋಡಿದೆ. ವಾಚಿನ ಮುಖ ಒಳಮಗ್ಗುಲಿಗೆ ತಿರುಗಿತ್ತು. ಬೆಳಿಗ್ಗೆಯಿಂದ ಗಡಿಬಿಡಿಯಲ್ಲಿ ಹೊತ್ತು ನೋಡಿದ್ದೆಲ್ಲ ಫೋನಿನಲ್ಲಿ, ನನಗದು ಗೊತ್ತೇ ಆಗಿರಲಿಲ್ಲ. ನಾನೇ ತಿರುಗಿಸಿಕೊಂಡಿದ್ದೆನೇ? ಅವತ್ತೂ ನೆನಪಿರಲಿಲ್ಲ, ಇವತ್ತಿಗೂ ಇಲ್ಲ. ತಿರುಗಿಸಿಕೊಂಡಿರಬಹುದು. ವರ್ಷಗಟ್ಟಲೆ ದಿನಾ ಆಗುತ್ತಿದ್ದದ್ದನ್ನು ಕೈ ತಾನಾಗಿ ಮಾಡಿರಬಹುದು. ಹಿಡಿದದ್ದೂ ಹಾಗೇ ಇರಬಹುದು, ಸುಳ್ಳು ಹೇಳಿದ ಮನಸ್ಸು ತನಗೆ ಬೇಕಾದ ಕೈಯನ್ನು ತಾನೇ ಮಾಡಿಕೊಂಡಿರಬಹುದು. ನನಗೆ ಈ ವಿವರಣೆಯೆಲ್ಲ ಗೊತ್ತು, ಬೇರೆಯವರಿಗಾಗಿದ್ದರೆ ನಾನೇ ಹೇಳುತ್ತಿದ್ದೆ. ಆದರೆ ಆ ಬಿಸಿಯನ್ನು ಏನೆಂದು ವಿವರಿಸಲಿ, ಬೆರಳಿನ ಗಾಯದ ಆ ಗೆರೆಯನ್ನು?

ನಾಟಿ ಮುಂದಿನ ವಾರ ಆಯಿತು. ಮಕ್ಕಳೂ ನಾನೂ ಪಿಕಪ್ಪಿನಲ್ಲಿ ರಸ್ತೆ ಸುತ್ತಿ ಹೋದೆವು. ಅಗೆ ಹಳದಿಯಾಗಿತ್ತು, ಬೆಳೆಯಲ್ಲಿ ಅರ್ಧಕ್ಕರ್ಧ ಜೊಳ್ಳು. ಆ ವರ್ಷದ ಹೊಸ್ತಿಗೆ ತಲೆಗೆ ಒಂದೊಂದು ಸೌಟು ಪಾಯಸ ಬಂದರೆ ಹೆಚ್ಚು. ಗುಲಾಬಕ್ಕ ತಮ್ಮ ಪಾಲನ್ನು ಶ್ರಾವ್ಯಳ ಬಟ್ಟಲಿಗೆ ಸುರಿದರು. ಈಗ ಅಲ್ಲಿ ಸಿಮೆಂಟಿನ ಸೇತುವೆಯಾಗಿದೆ, ಶ್ರಾವ್ಯ ಕುಂದಾಪುರದಲ್ಲಿ ಕಾಲೇಜಿಗೆ ಹೋಗುತ್ತಿದ್ದಾಳೆ.

ಗುಲಾಬಕ್ಕ ಹೋಗಿ ಎರಡು ವರ್ಷವಾಯಿತು. ನಿದ್ದೆಯಲ್ಲೇ ಹೋದರು. ದೊಡ್ಡ ಮಾಸ್ಟ್ರಿಗೆ ಈಗ ದಿನಾ ಬರಲಾಗುವುದಿಲ್ಲ, ಹಾಗಾಗಿ ಬೆಳಿಗ್ಗೆ ಕೈ ಕೊಡುವವಳು ನಾನು. ವಾಚನ್ನು ನಾನೇ ತಿರುಗಿಸಿಕೊಂಡು ಕೂರುತ್ತೇನೆ. ಎಡಗೈಯನ್ನು ಪಕ್ಕದ ಚಾಪೆಯ ಮೇಲೆ ತೆರೆದು ಇಡುತ್ತೇನೆ. ಒಂದು ದಿನವೂ ಏನೂ ಆಗಿಲ್ಲ. ಎಷ್ಟು ನಾಚಿಕೆಯಿಲ್ಲದೆ ಕಾಯುತ್ತೇನೆಂದು ನಿಮಗೆ ಗೊತ್ತಾಗುವುದಿಲ್ಲ.

ಬಾರದವರ ಚಾಪೆ ಹಾಸಬೇಕೆಂಬುದು ಪದ್ಧತಿ. ಇನ್ನು ಬರುವುದೇ ಇಲ್ಲ ಎನ್ನುವವರದ್ದನ್ನು ಏನು ಮಾಡಬೇಕೆಂದು ಮಾಸ್ಟ್ರು ಹೇಳಿಕೊಟ್ಟಿರಲಿಲ್ಲ. ಹೊಸ ಮಕ್ಕಳು ಸೇರಿ ಕೋಣೆಯಲ್ಲಿ ಜಾಗ ಸಾಲದಾಯಿತು. ಸುಮಾ ಒಂದು ಶುಕ್ರವಾರ ಬಹಳ ಮೆತ್ತಗೆ ಆ ವಿಷಯ ಇಟ್ಟಳು, ಗುಲಾಬಕ್ಕನ ಚಾಪೆ ತೆಗೆಯಬಹುದೇ ಎಂದು. ಮಕ್ಕಳು ತಲೆಯಾಡಿಸಿದರು, ಅವರಲ್ಲಿ ಹೊಸಬರು ಗುಲಾಬಕ್ಕನನ್ನು ಸರಿಯಾಗಿ ಕಂಡವರೇ ಅಲ್ಲ. ಅವತ್ತು ಬಂದಿದ್ದ ಮಾಸ್ಟ್ರೂ ಸ್ವಲ್ಪ ಹೊತ್ತು ಯೋಚಿಸಿ ತಲೆಯಾಡಿಸಿದರು. ಅಲ್ಲಿಂದ ಈಚೆಗೆ ಎಷ್ಟೋ ಶುಕ್ರವಾರ ಕಳೆದವು, ಆ ವಿಷಯ ಮುಂದಿನ ವಾರಕ್ಕೆ, ಮತ್ತೆ ಅದರ ಮುಂದಿನ ವಾರಕ್ಕೆ ಹೋಗುತ್ತಲೇ ಇದೆ. ಚಾಪೆ ಇನ್ನೂ ಅಲ್ಲೇ ಇದೆ.

ಒಬ್ಬರ ಮನಸ್ಸು ಒಪ್ಪಿಲ್ಲ. ಕಾರಣ ಕೇಳಿದರೆ ಹೇಳಲು ನನಗೆ ಬರುವುದಿಲ್ಲ.